ಫಲಕದ ಮೇಲಿಲ್ಲದ ಹೆಸರು: ಬಾಗಲಕೋಟೆಯ ಕುಟುಂಬವೊಂದು ಜರ್ಮನಿಯಲ್ಲಿ ನೆಲೆಯೂರಿದ ಪ್ರಕರಣ

ಬೆಳಗಾವಿಯಲ್ಲಿ ಜರ್ಮನ್ ಭಾಷೆ ಕಲಿಸುವುದು ನನ್ನ ಉದ್ಯೋಗ. ಭಾಷೆಯ ಜೊತೆಗೆ, ಕೆಲಸಕ್ಕೆಂದು ಆ ದೇಶಕ್ಕೆ ಹೊರಡುವ ಈ ಭಾಗದ ಯುವಕ ಯುವತಿಯರಿಗೆ ಅಲ್ಲಿ ಇಳಿದ ಮೇಲೆ ಮಾಡಿಕೊಳ್ಳಬೇಕಾದ ನೋಂದಣಿ, ಬಾಡಿಗೆ ಕರಾರು, ವಿಮೆ, ಬ್ಯಾಂಕ್ ಖಾತೆಗಳ ಬಗ್ಗೆ ತಿಳಿಸಿ ಹೇಳುವ ರೂಢಿಯನ್ನೂ ಇಟ್ಟುಕೊಂಡು ಬಂದಿದ್ದೇನೆ. ನನ್ನ ವಿದ್ಯಾರ್ಥಿಯೊಬ್ಬನ ಕುಟುಂಬ 2023ರ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಸಂಸಾರ ಹೂಡುವಾಗ ಪಟ್ಟ ತೊಂದರೆಯನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ದಾಖಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಅವರ ಹೆಸರು, ಅವರಿರುವ ಊರು, ಅವರು ವ್ಯವಹರಿಸಿದ ಕಚೇರಿ ಮತ್ತು ಕಂಪನಿಗಳ ಹೆಸರು ಯಾವುದನ್ನೂ ಕೊಟ್ಟಿಲ್ಲ.

ಪರದೇಶದಲ್ಲಿ ಮನೆ ಮಾಡುವವರಿಗೆ ಚಳಿ, ಭಾಷೆ, ಊಟ ಈ ಮೂರೇ ಕಷ್ಟವೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಈ ಕುಟುಂಬವನ್ನು ನಾಲ್ಕು ತಿಂಗಳು ಕಾಡಿದ ಕಷ್ಟ ಬಾಗಿಲ ಬಳಿಯ ಅಂಚೆ ಡಬ್ಬಿಯ ಮೇಲಿದ್ದ, ಬೆರಳುದ್ದದ ಒಂದು ಫಲಕದಿಂದ ಬಂದದ್ದು. ಅದು ಹೇಗೆ ಬಂತು, ಹೇಗೆ ಬೆಳೆಯಿತು, ಯಾರ ಮಾತಿನಿಂದ ಬಗೆಹರಿಯಿತು ಎಂಬುದೇ ಈ ಪ್ರಕರಣ.

ಕುಟುಂಬ

ಗಂಡನಿಗೆ ಆಗ ಮೂವತ್ನಾಲ್ಕು ವರ್ಷ. ಬಾಗಲಕೋಟೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಬೆಳಗಾವಿಯ ಉದ್ಯಮಬಾಗದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಂಟು ವರ್ಷ ದುಡಿದು, ಸಂಜೆ ನನ್ನ ತರಗತಿಗೆ ಬಂದು ಬಿ1 ಎಂಬ ಮಧ್ಯಮ ಹಂತದವರೆಗೆ ಭಾಷೆ ಕಲಿತವನು. ಹೆಂಡತಿ ಬಾದಾಮಿ ತಾಲ್ಲೂಕಿನವಳು, ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ ಅನುಭವವಿರುವವಳು. ಆರು ತುಂಬಿದ ಒಬ್ಬಳು ಮಗಳು. ಗಂಡನ ತಂದೆ ನಿವೃತ್ತ ಪ್ರೌಢಶಾಲಾ ಶಿಕ್ಷಕರು. ಹಳೇ ಬಾಗಲಕೋಟೆಯಲ್ಲಿದ್ದ ಅವರ ಮನೆ ಆಲಮಟ್ಟಿ ಜಲಾಶಯದ ಹಿನ್ನೀರಿನ ವ್ಯಾಪ್ತಿಗೆ ಬಂದದ್ದರಿಂದ, ಸಾವಿರಾರು ಕುಟುಂಬಗಳಂತೆ ಅವರೂ ನವನಗರದಲ್ಲಿ ನಿವೇಶನ ಪಡೆದು ಅಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಉನ್ನತ ಶಿಕ್ಷಣ ಪಡೆದ ಹೊರದೇಶದ ನೌಕರರಿಗೆಂದು ಇರುವ ಐರೋಪ್ಯ ಒಕ್ಕೂಟದ ಬ್ಲೂ ಕಾರ್ಡ್ ವ್ಯವಸ್ಥೆಯಡಿ ಕೆಲಸ ಸಿಕ್ಕವರ ಸಂಗಾತಿಗೆ, ವೀಸಾಕ್ಕಾಗಿ ಜರ್ಮನ್ ಪರೀಕ್ಷೆ ಪಾಸಾಗಿರಬೇಕೆಂಬ ನಿಯಮ ಅನ್ವಯಿಸುವುದಿಲ್ಲ. ಈ ವಿನಾಯಿತಿ ಇರುವುದರಿಂದಲೇ ಹೆಂಡತಿ ಹೊರಡುವ ಮುನ್ನ ಭಾಷೆಯನ್ನು ಕಲಿತಿರಲಿಲ್ಲ. ವಿನಾಯಿತಿಯಿಂದ ವೀಸಾ ಬೇಗ ಸಿಗುತ್ತದೆ, ನಿಜ. ಆದರೆ ಮನೆಗೆ ಬರುವ ಒಂದು ಚೀಟಿಯನ್ನೂ ಓದಲಾಗದ ಸ್ಥಿತಿಯಲ್ಲಿ ಆ ಹೆಣ್ಣುಮಗಳು ಅಲ್ಲಿ ಇಳಿಯುತ್ತಾಳೆ ಎಂಬುದನ್ನು ನಾನು ಪ್ರತಿ ಕುಟುಂಬಕ್ಕೂ ಹೇಳುತ್ತೇನೆ. ಇವರಿಗೂ ಹೇಳಿದ್ದೆ.

ಮನೆ ಹಿಡಿದ ಬಗೆ

ಗಂಡ 2023ರ ಮಾರ್ಚ್ ಮಧ್ಯದಲ್ಲಿ ಒಬ್ಬನೇ ಹೊರಟು, ಸ್ಟುಟ್‌ಗಾರ್ಟ್ ಸಮೀಪದ ಒಂದು ಚಿಕ್ಕ ಊರಿಗೆ ತಲುಪಿದ. ಮೋಟಾರು ಮತ್ತು ಯಂತ್ರೋದ್ಯಮ ದಟ್ಟವಾಗಿರುವ ಆ ಪ್ರದೇಶದಲ್ಲಿ ಬಾಡಿಗೆ ಮನೆ ಸಿಗುವುದು ಬಹಳ ಕಷ್ಟ. ಮೊದಲು ಎರಡು ವಾರ ವಸತಿಗೃಹದಲ್ಲಿದ್ದು, ಸಹೋದ್ಯೋಗಿಯೊಬ್ಬರ ಪರಿಚಯದ ಮೂಲಕ ಏಪ್ರಿಲ್ 1ರಿಂದ ಎರಡು ಮಲಗುವ ಕೋಣೆಗಳ ಒಂದು ಮನೆ ಅವನಿಗೆ ಸಿಕ್ಕಿತು. ಒಟ್ಟು ಹನ್ನೆರಡು ಮನೆಗಳಿದ್ದ ನಾಲ್ಕಂತಸ್ತಿನ ಕಟ್ಟಡ ಅದು.

ಅಲ್ಲಿ ಬಾಡಿಗೆಯನ್ನು ಎರಡು ಬಗೆಯಲ್ಲಿ ಹೇಳುತ್ತಾರೆ: ಬರೀ ಮನೆಯ ಬಾಡಿಗೆ ‘ಕಾಲ್ಟ್‌ಮೀಟೆ’, ಎಂದರೆ ತಣ್ಣನೆಯ ಬಾಡಿಗೆ, ಬಿಸಿಕಾಯಿಸುವ ವ್ಯವಸ್ಥೆ, ನೀರು, ಕಸ ಮುಂತಾದವುಗಳ ವೆಚ್ಚ ಸೇರಿದ್ದು ‘ವಾರ್ಮ್‌ಮೀಟೆ’, ಬೆಚ್ಚನೆಯ ಬಾಡಿಗೆ. ಡಿಪಾಜಿಟ್ಟು ತಣ್ಣನೆಯ ಬಾಡಿಗೆಯ ಮೂರು ಪಟ್ಟು ಮೀರಬಾರದೆಂದೂ, ಬಾಡಿಗೆದಾರ ಅದನ್ನು ಮೂರು ಸಮ ಮಾಸಿಕ ಕಂತುಗಳಲ್ಲಿ ಕೊಡಬಹುದೆಂದೂ ಅಲ್ಲಿನ ನಾಗರಿಕ ಸಂಹಿತೆಯ 551ನೇ ಕಲಮಿನಲ್ಲೇ ಇದೆ. ಇದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ, ಮನೆಯ ಮಾಲೀಕರ ಮುಂದೆ ಕಂತಿನ ಮಾತು ಎತ್ತಿದರೆ ಎಲ್ಲಿ ಮನೆ ಕೈತಪ್ಪೀತೋ ಎಂಬ ಅಳುಕಿನಿಂದ, ನಮ್ಮ ಕಡೆ ಅಡ್ವಾನ್ಸ್ ಕೊಡುವಂತೆ ಒಂದೇ ಸಲಕ್ಕೆ ಪೂರ್ತಿ ಹಣ ಕಟ್ಟಿಬಿಟ್ಟ. ಕಾನೂನು ಕೊಟ್ಟ ಅನುಕೂಲವನ್ನು ಕೇಳಿ ಪಡೆಯುವುದಕ್ಕೆ ಸಂಕೋಚಪಡುವ ಈ ಸ್ವಭಾವ ನಮ್ಮ ಹುಡುಗರಲ್ಲಿ ಬಹಳ. ಅದಕ್ಕೆ ಮುಂದೆ ತೆರಬೇಕಾದ ಬೆಲೆ ಅವರಿಗೆ ಆಗ ಕಾಣುವುದಿಲ್ಲ.

ಕೀಲಿ ಕೈಗೆ ಬಂದ ದಿನ ಅವನು ಕಳಿಸಿದ ವಿಡಿಯೋ ನನ್ನ ಬಳಿ ಈಗಲೂ ಇದೆ. ಅಡುಗೆಮನೆ ಎಂದು ತೋರಿಸಿದ ಕೋಣೆಯಲ್ಲಿ ಗೋಡೆಯಿಂದ ಹೊರಚಾಚಿದ ಎರಡು ನೀರಿನ ಕೊಳವೆ, ಒಲೆಗೆಂದು ಬಿಟ್ಟ ದಪ್ಪ ವಿದ್ಯುತ್ ತಂತಿ, ಇಷ್ಟೇ. ಸಿಂಕು ಇಲ್ಲ, ಕಟ್ಟೆ ಇಲ್ಲ, ಕಪಾಟು ಇಲ್ಲ. ಚಾವಣಿಯಲ್ಲಿ ದೀಪವಿರಬೇಕಾದಲ್ಲಿ ಮೂರು ಬಣ್ಣದ ತಂತಿಗಳು ಇಳಿಬಿದ್ದಿದ್ದವು. ಅಲ್ಲಿ ಬಾಡಿಗೆದಾರರು ಅಡುಗೆಮನೆಯ ಸಾಮಾನನ್ನು ತಾವೇ ಕೊಂಡು ಜೋಡಿಸಿಕೊಳ್ಳುವುದು, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗುವುದು ಇಲ್ಲವೇ ಮುಂದೆ ಬರುವವರಿಗೆ ಮಾರುವುದು ತೀರ ಸಾಮಾನ್ಯ. ಹಿಂದಿನ ಬಾಡಿಗೆದಾರರು ಬಿಚ್ಚಿಟ್ಟಿದ್ದ ಹಳೆಯ ಅಡುಗೆಮನೆಯನ್ನೇ ಇವನು ಕೊಂಡು, ವಾರದ ಮೇಲೆ ಮತ್ತೆ ಜೋಡಿಸಿಕೊಂಡ. ಡಿಪಾಜಿಟ್ಟು, ಅಡುಗೆಮನೆ, ಹಾಸಿಗೆ, ಮಂಚ ಎಂದು ಊರಿನಿಂದ ಒಯ್ದ ಉಳಿತಾಯವೆಲ್ಲ ಮೊದಲ ತಿಂಗಳಲ್ಲೇ ಕರಗಿತು.

ಉಳಿದ ಕೆಲಸಗಳನ್ನು ಅವನು ಅಚ್ಚುಕಟ್ಟಾಗಿ ಮಾಡಿದ. ಮನೆ ವಹಿಸಿಕೊಳ್ಳುವಾಗ ಗೋಡೆಯ ಗೀರು, ಮೀಟರ್ ಓದು, ಕೀಲಿಗಳ ಸಂಖ್ಯೆ ಎಲ್ಲವನ್ನೂ ಹಸ್ತಾಂತರದ ಪಟ್ಟಿಯಲ್ಲಿ ಬರೆಸಿ ಸಹಿ ಪಡೆದ. ಹೊಸ ಮನೆಗೆ ಹೋದವರು ಎರಡು ವಾರದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕೆಂಬ ನಿಯಮವಿದೆ. ಅದಕ್ಕೆ ಮಾಲೀಕರು ಸಹಿ ಮಾಡಿದ ವಾಸದ ದೃಢೀಕರಣ ಬೇಕು. ಅದನ್ನು ಪಡೆದು ಮೊದಲ ವಾರದಲ್ಲೇ ನೋಂದಣಿ ಮುಗಿಸಿದ. ನಾನು ಕೊಟ್ಟ ಪಟ್ಟಿಯಲ್ಲಿದ್ದ ಒಂದೊಂದು ಬಾಬತ್ತಿಗೂ ಗುರುತು ಹಾಕಿ ಫೋಟೊ ಕಳಿಸಿದ. ಆ ಪಟ್ಟಿಯಲ್ಲಿ ಅಂಚೆ ಡಬ್ಬಿಯ ಫಲಕ ಎಂಬ ಬಾಬತ್ತು ಇರಲಿಲ್ಲ. ಇದು ನನ್ನ ಲೋಪ.

ಬಾರದ ಕಾಗದಗಳು

ವಿಳಾಸ ನೋಂದಣಿಯಾದ ಕೆಲವು ವಾರಗಳಲ್ಲಿ ಪ್ರತಿಯೊಬ್ಬರಿಗೂ ಹನ್ನೊಂದು ಅಂಕಿಗಳ ತೆರಿಗೆ ಗುರುತಿನ ಸಂಖ್ಯೆ, ಅಲ್ಲಿನ ಕೇಂದ್ರ ತೆರಿಗೆ ಕಚೇರಿಯಿಂದ ಅಂಚೆಯ ಮೂಲಕ ಬರುತ್ತದೆ. ನಮ್ಮ ಪ್ಯಾನ್ ಸಂಖ್ಯೆಗೆ ಹಾಕುವಂತೆ ಅದಕ್ಕೆ ಬೇರೆ ಅರ್ಜಿ ಹಾಕಬೇಕಿಲ್ಲ, ತಾನಾಗಿ ಬರುತ್ತದೆ. ಏಪ್ರಿಲ್ ಮುಗಿದರೂ ಅದು ಬರಲಿಲ್ಲ. ಆರೋಗ್ಯ ವಿಮೆಯ ಕಾರ್ಡೂ ಬರಲಿಲ್ಲ. ಹೊಸಬರಿಗೆ ತಡವಾಗುವುದು ಸಹಜವೆಂದು ಸಹೋದ್ಯೋಗಿಗಳು ಸಮಾಧಾನ ಹೇಳಿದರು. ಮೇ ತಿಂಗಳಲ್ಲಿ ಅವನು ಸಂಖ್ಯೆಯನ್ನು ಮತ್ತೊಮ್ಮೆ ಕಳಿಸಲು ಕೋರಿಕೆ ಸಲ್ಲಿಸಿದ. ಗೋಪ್ಯತೆಯ ಕಾರಣಕ್ಕೆ ಈ ಸಂಖ್ಯೆಯನ್ನು ಫೋನಿನಲ್ಲಾಗಲಿ, ಇಮೇಲಿನಲ್ಲಾಗಲಿ ಹೇಳುವುದಿಲ್ಲ, ನೋಂದಾಯಿತ ವಿಳಾಸಕ್ಕೆ ಕಾಗದವನ್ನಷ್ಟೇ ಕಳಿಸುತ್ತಾರೆ. ಆ ಕಾಗದವೂ ಬರಲಿಲ್ಲ.

ಸಂಖ್ಯೆ ಇಲ್ಲದ ನೌಕರನಿಗೆ ಸಂಬಳ ಕೊಡುವ ಕಂಪನಿ, ತಪ್ಪು ಅವನದಲ್ಲವೆಂದಾದರೆ, ಮೂರು ತಿಂಗಳವರೆಗೆ ಅಂದಾಜಿನ ಮೇಲೆ ತೆರಿಗೆ ಹಿಡಿಯಬಹುದು. ಆಮೇಲೆ ಆರನೆಯ ತೆರಿಗೆ ವರ್ಗವನ್ನು ಹಚ್ಚಬೇಕಾಗುತ್ತದೆ. ಇದು ಎರಡನೆಯ ಉದ್ಯೋಗ ಮಾಡುವವರಿಗೆಂದು ಇರುವ ವರ್ಗವಾದ್ದರಿಂದ, ವರ್ಷದ ಆದಾಯದಲ್ಲಿ ಒಂದು ಮೊತ್ತಕ್ಕೆ, 2023ರಲ್ಲಿ ಅದು 10,908 ಯೂರೋ, ತೆರಿಗೆಯೇ ಇಲ್ಲವೆಂಬ ಮೂಲ ರಿಯಾಯಿತಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮಾರ್ಚ್, ಏಪ್ರಿಲ್, ಮೇ ದಾಟಿದವು. ಜೂನ್ ಸಂಬಳದ ಚೀಟಿಯಲ್ಲಿ ವರ್ಗದ ಕಾಲಮಿನಲ್ಲಿ 6 ಎಂದಿತ್ತು, ಕೈಗೆ ಬಂದ ಹಣ ಒಮ್ಮೆಲೇ ಇಳಿದಿತ್ತು. ಕಂತಿನಲ್ಲಿ ಕೊಡಬಹುದಾಗಿದ್ದ ಡಿಪಾಜಿಟ್ಟನ್ನು ಒಂದೇ ಗಂಟಿನಲ್ಲಿ ಕೊಟ್ಟದ್ದರ ನೋವು ಅವನಿಗೆ ತಟ್ಟಿದ್ದು ಆಗ.

ಅಷ್ಟರಲ್ಲಿ ಸಂಸಾರ ಬಂದಿತ್ತು. ಹೆಂಡತಿ ಮತ್ತು ಮಗಳು ಮೇ ಕೊನೆಯಲ್ಲಿ, ಆಗಸ್ಟ್ ಕೊನೆಯವರೆಗೆ ಊರ್ಜಿತವಿದ್ದ ವೀಸಾದ ಮೇಲೆ ಅಲ್ಲಿಗೆ ತಲುಪಿದ್ದರು. ಆ ಅವಧಿ ಮುಗಿಯುವುದರೊಳಗೆ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಹಾಜರಾಗಬೇಕು, ಹಾಜರಾಗುವ ದಿನಾಂಕವನ್ನು ಕಚೇರಿ ಕಾಗದದ ಮೂಲಕ ತಿಳಿಸುತ್ತದೆ. ಆ ಕಾಗದಕ್ಕೂ ಕಾಯುತ್ತ ಕುಳಿತರು. ಮಕ್ಕಳಿಗೆಂದು ಅಲ್ಲಿನ ಸರ್ಕಾರ ಕೊಡುವ ‘ಕಿಂಡರ್‌ಗೆಲ್ಡ್’ ಎಂಬ ಮಾಸಿಕ ನೆರವು 2023ರಲ್ಲಿ ಒಂದು ಮಗುವಿಗೆ 250 ಯೂರೋ ಇತ್ತು. ಅದರ ಅರ್ಜಿಗೆ ತಂದೆ ಅಥವಾ ತಾಯಿಯ ಮತ್ತು ಮಗುವಿನ ತೆರಿಗೆ ಸಂಖ್ಯೆ ಎರಡೂ ಬೇಕು. ಹೀಗೆ ಕಾಗದಗಳು ಬಾರದಿದ್ದಕ್ಕೆ ನಾಲ್ಕು ಕೆಲಸ ನಿಂತವು.

ಇಷ್ಟಾದರೂ ಅಂಚೆ ಡಬ್ಬಿಯ ಮೇಲೆ ಯಾರಿಗೂ ಅನುಮಾನ ಬಾರದಿರಲು ಕಾರಣವೆಂದರೆ, ಡಬ್ಬಿ ಯಾವತ್ತೂ ಖಾಲಿ ಇರುತ್ತಿರಲಿಲ್ಲ. ಅಂಗಡಿಗಳ ಜಾಹೀರಾತು ಹಾಳೆಗಳು, ಊರಿನ ಉಚಿತ ವಾರಪತ್ರಿಕೆ ದಿನ ಬಿಟ್ಟು ದಿನ ಬಂದು ಬೀಳುತ್ತಿದ್ದವು. ಅವುಗಳಿಗೆ ಹೆಸರು ಬೇಕಿಲ್ಲ. ಡಬ್ಬಿ ತುಂಬುತ್ತಿದೆ, ಅಂದಮೇಲೆ ಅಂಚೆ ಬರುತ್ತಿದೆ ಎಂದೇ ಅವರು ತಿಳಿದಿದ್ದರು.

ಬೆಳಗಿನ ರೊಟ್ಟಿ ಮತ್ತು ಬಾಗಿಲಿಗೆ ಅಂಟಿಸಿದ ಚೀಟಿ

ಈ ನಡುವೆ ಮನೆಯೊಳಗೆ ನಡೆದ ಇನ್ನೊಂದು ಸಂಗತಿಯನ್ನು ಬಿಡಿಸಿ ಹೇಳಬೇಕು; ಮೇಲ್ನೋಟಕ್ಕೆ ಅದು ಬೇರೆಯೆಂದು ಕಂಡರೂ ಮೂಲ ಒಂದೇ.

ಗಂಡ ಕೆಲಸಕ್ಕೆ ಆರೂಕಾಲಿಗೆ ಮನೆ ಬಿಡಬೇಕಿತ್ತು. ಬುತ್ತಿಗೆ ಬಿಸಿ ರೊಟ್ಟಿ ಕಟ್ಟಿಕೊಡುವುದು ಹೆಂಡತಿಯ ಮೊದಲಿನಿಂದಲೂ ಬಂದ ರೂಢಿ. ಸ್ಟುಟ್‌ಗಾರ್ಟಿನ ಭಾರತೀಯ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕಿತ್ತು, ಅವಳು ಊರಿನಿಂದ ಕಬ್ಬಿಣದ ಹಂಚನ್ನು ಸಾಮಾನಿನಲ್ಲಿಟ್ಟು ತಂದಿದ್ದಳು. ಗಾಜಿನ ಮೇಲ್ಮೈಯ ವಿದ್ಯುತ್ ಒಲೆಯ ಮೇಲೆ ಉಬ್ಬುತಳದ ಹಂಚು ಸರಿಯಾಗಿ ಕೂಡದೆ ರೊಟ್ಟಿ ಮೊದಮೊದಲು ಒಂದು ಕಡೆ ಹಸಿಯಾಗಿ, ಒಂದು ಕಡೆ ಸೀದು ಹೋಗುತ್ತಿತ್ತು. ಸಪಾಟು ತಳದ ಕಬ್ಬಿಣದ ಹಂಚು ಕೊಂಡ ಮೇಲೆ ಅದು ಸರಿಹೋಯಿತು. ಬೆಳಗ್ಗೆ ಐದೂಕಾಲಿಗೆ ಎದ್ದು, ಅಡುಗೆಮನೆಯ ಕಟ್ಟೆಯ ಮೇಲೆ ಹಿಟ್ಟು ಉದುರಿಸಿ, ಅಂಗೈಯಿಂದ ತಟ್ಟುತ್ತ ತಿರುಗಿಸುತ್ತ ಆರೇಳು ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಊರುಗಳಲ್ಲಿ ಬೆಳಗಾಯಿತೆಂದು ತಿಳಿಯುವುದೇ ಆ ಸಪ್ಪಳದಿಂದ. ಅಲ್ಲಿ ಕಟ್ಟೆ ಗೋಡೆಗೆ ಬಿಗಿದದ್ದು. ಗೋಡೆ ಕೆಳಗಿನ ಮನೆಯ ಮಲಗುವ ಕೋಣೆಗೂ ಸೇರಿದ್ದು. ರಾತ್ರಿ 10ರಿಂದ ಬೆಳಗಿನ 6ರವರೆಗೆ ನಿಶ್ಶಬ್ದವಿರಬೇಕೆಂಬುದು ಅಲ್ಲಿನ ಸಾಮಾನ್ಯ ನಿಯಮ, ಆ ಕಟ್ಟಡದ ನಿಯಮಪತ್ರದಲ್ಲೂ ಅದೇ ಇತ್ತು.

ಜೂನ್ ಕೊನೆಯ ವಾರ ಅವರ ಬಾಗಿಲಿಗೆ ಕೈಬರಹದ ಒಂದು ಚೀಟಿ ಅಂಟಿಸಿತ್ತು. ಗಂಡ ಕೆಲಸದಲ್ಲಿದ್ದ. ಹೆಂಡತಿ ಅದರ ಫೋಟೊ ತೆಗೆದು, “ಸರ, ಪೊಲೀಸರದೇನ್ರಿ ಇದು? ನಂಗ ಭಾಳ ಅಂಜಿಕಿ ಬಂದೈತ್ರಿ” ಎಂದು ನನಗೆ ಕಳಿಸಿದಳು. ಕೆಳಮನೆಯ ವೃದ್ಧೆ ಬರೆದದ್ದು ಅದು. ತೀರ ಮರ್ಯಾದೆಯ ಬರಹ. “ಪ್ರಿಯ ನೆರೆಯವರೇ, ನಿಮ್ಮ ಹೆಸರು ನನಗೆ ತಿಳಿಯದ ಕಾರಣ ಹೀಗೆ ಬರೆಯುತ್ತಿದ್ದೇನೆ. ನಸುಕಿನಲ್ಲಿ ನಿಮ್ಮ ಮನೆಯಿಂದ ಬಡಿಯುವ ಸದ್ದು ಬರುತ್ತದೆ. ದುರಸ್ತಿ ಕೆಲಸವಿದ್ದರೆ ದಯವಿಟ್ಟು ಹಗಲಿನಲ್ಲಿ ಮಾಡಿಸಿ” ಎಂಬುದು ಅದರ ಸಾರ.

ನಾನು ಅದನ್ನು ಕನ್ನಡಕ್ಕೆ ಮಾಡಿ ಓದಿ ಹೇಳಿದೆ, ಸದ್ದಿನ ವಿಷಯ ವಿವರಿಸಿದೆ. ನಿಮ್ಮ ಹೆಸರು ತಿಳಿಯದು ಎಂಬ ಮೊದಲ ಸಾಲನ್ನೂ ಹೇಳಿದೆ. ಪ್ರತಿ ಬಾಗಿಲಿಗೂ, ಪ್ರತಿ ಕರೆಗಂಟೆಗೂ, ಪ್ರತಿ ಡಬ್ಬಿಗೂ ಹೆಸರಿರುವ ಕಟ್ಟಡದಲ್ಲಿ ಮೂರು ತಿಂಗಳಿಂದ ಮೇಲಿನ ಮನೆಯಲ್ಲಿರುವವರ ಹೆಸರು ಕೆಳಗಿನವರಿಗೆ ತಿಳಿದಿಲ್ಲವೇಕೆ ಎಂದು ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಕೇಳಿದ್ದರೆ ಮೂರು ನಾಲ್ಕು ವಾರ ಮೊದಲೇ ಎಲ್ಲ ಬಗೆಹರಿಯುತ್ತಿತ್ತು ಎಂಬುದು ಈ ಪ್ರಕರಣದಲ್ಲಿ ನನ್ನನ್ನು ಇಂದಿಗೂ ಚುಚ್ಚುವ ಸಂಗತಿ.

ರೊಟ್ಟಿಯ ವಿಷಯವನ್ನು ಆಕೆ ತಾನೇ ಬಗೆಹರಿಸಿಕೊಂಡಳು. ನಸುಕಿನಲ್ಲಿ ಬಡಿಯುವುದನ್ನು ಬಿಟ್ಟು, ಶನಿವಾರ ಹತ್ತು ಗಂಟೆಯ ಮೇಲೆ ವಾರಕ್ಕಾಗುವಷ್ಟು ಖಡಕ್ ರೊಟ್ಟಿ ಮಾಡಿ ಒಣಗಿಸಿ ಡಬ್ಬಿಯಲ್ಲಿಡತೊಡಗಿದಳು. ಹೊಲಕ್ಕೆ, ಜಾತ್ರೆಗೆ, ದೂರದ ಪ್ರಯಾಣಕ್ಕೆ ಬುತ್ತಿ ಕಟ್ಟುವ ನಮ್ಮ ಸೀಮೆಯ ಈ ಹಳೆಯ ಉಪಾಯ ಅಲ್ಲಿ ಕೈಹಿಡಿಯಿತು. ಮೊದಲ ಶನಿವಾರವೇ ಎರಡು ರೊಟ್ಟಿ, ಒಂದು ಚಿಕ್ಕ ಬಟ್ಟಲಲ್ಲಿ ಶೇಂಗಾ ಹಿಂಡಿ ಇಟ್ಟುಕೊಂಡು ಮಗಳೊಂದಿಗೆ ಕೆಳಗಿಳಿದು ಹೋಗಿ, ಅಂಗೈಯಿಂದ ತಟ್ಟಿ ತೋರಿಸಿ, ಸದ್ದು ಯಾವುದರದೆಂದು ತಿಳಿಸಿ ಬಂದಳು. ಭಾಷೆ ಬಾರದವಳು ಹೀಗೆ ತಾನಾಗಿ ಬಾಗಿಲು ತಟ್ಟುವುದು ಸಣ್ಣ ಧೈರ್ಯವಲ್ಲ.

ಮರಳಿ ಬಂದ ಗಂಟು

ಮೊಮ್ಮಗಳ ಹುಟ್ಟುಹಬ್ಬ ಜುಲೈ ಮೊದಲ ವಾರ. ಅಜ್ಜಿ ಗುಳೇದಗುಡ್ಡದ ಖಣ ತಂದು ಲಂಗ ಮತ್ತು ರವಿಕೆ ಹೊಲಿದಿದ್ದರು. ಅಜ್ಜ ಅದನ್ನು ಬಿಳಿ ಅರಿವೆಯಲ್ಲಿ ಸುತ್ತಿ, ನಾಲ್ಕೂ ಬದಿ ದಬ್ಬಣದಿಂದ ಹೊಲಿದು, ಮೇಲೆ ತಮ್ಮ ದುಂಡನೆಯ ಅಕ್ಷರದಲ್ಲಿ ಮಗನ ಪೂರ್ತಿ ಹೆಸರು, ಮನೆತನದ ಅಡ್ಡಹೆಸರು, ಬೀದಿ, ಮನೆ ಸಂಖ್ಯೆ, ಊರು ಬರೆದು ಜೂನ್ ಎರಡನೆಯ ವಾರ ನವನಗರದ ಅಂಚೆ ಕಚೇರಿಯಿಂದ ಕಳಿಸಿದ್ದರು. ಹುಟ್ಟುಹಬ್ಬ ಕಳೆಯಿತು, ಗಂಟು ತಲುಪಲಿಲ್ಲ. ಜುಲೈ 20ರ ಸುಮಾರಿಗೆ ಅದು ನವನಗರಕ್ಕೇ ಮರಳಿ ಬಂತು.

ಜುಲೈ 22ರ ಶನಿವಾರ ವಿಡಿಯೋ ಕರೆಯಲ್ಲಿ ತಂದೆ ಆ ಗಂಟನ್ನು ಮಗನಿಗೆ ತೋರಿಸಿದರು. ಹೊಲಿಗೆ ಬಿಚ್ಚಿರಲಿಲ್ಲ. ಬದಿಯಲ್ಲಿ ಅಂಚೆಯವರು ಅಂಟಿಸಿದ ಸಣ್ಣ ಚೀಟಿ: ಮರಳಿಸಿದ ಕಾರಣಗಳನ್ನು ಸಾಲಾಗಿ ಮುದ್ರಿಸಿ, ಪ್ರತಿಯೊಂದರ ಮುಂದೆ ಚೌಕ ಬಿಟ್ಟ, ಎಲ್ಲ ದೇಶಗಳ ಅಂಚೆಯವರು ಬಳಸುವ ನಮೂನೆ. ನಿರಾಕರಿಸಲಾಗಿದೆ, ವಿಳಾಸ ಬದಲಾಗಿದೆ, ಪಡೆಯಲು ಬಂದಿಲ್ಲ ಎಂಬ ಚೌಕಗಳು ಖಾಲಿಯಿದ್ದವು. ‘ಅಪರಿಚಿತ’ ಎಂಬುದರ ಮುಂದೆ ಗೀಟು ಬಿದ್ದಿತ್ತು. ಮಗ ಅದನ್ನು ನೋಡಿ ಅಲ್ಲಿಯ ಅಂಚೆಯವರ ಮೇಲೆ ಸಿಟ್ಟಾದ. ತಂದೆ ಸಿಟ್ಟಾಗಲಿಲ್ಲ.

“ತಮ್ಮಾ, ನಿಮ್ಮ ಮನಿ ಬಾಗಲಿಗೆ ಹೆಸರ ಬರಸೀರೇನು?” ಎಂದು ಕೇಳಿದರು.

ಬರೆಸಿದೆ ಎಂದ ಮಗ.

“ಏನಂತ ಬರಸೀರಿ? ಕೆಳಗ ಹೋಗಿ ಓದಿ ಹೇಳು.”

ಆ ಪ್ರಶ್ನೆ ಅವರಿಗೆ ಹೊಳೆದದ್ದಕ್ಕೆ ಕಾರಣವನ್ನು ಅವರೇ ನಂತರ ನನಗೆ ಹೇಳಿದರು. ಹಳೇ ಬಾಗಲಕೋಟೆಯಲ್ಲಿದ್ದಾಗ ಅವರಿಗೆ ವಿಳಾಸದ ಅಗತ್ಯವೇ ಬಿದ್ದಿರಲಿಲ್ಲ; ಮಾಸ್ತರರ ಮನೆ ಎಂದರೆ ಓಣಿಯ ಕೂಸೂ ತೋರಿಸುತ್ತಿತ್ತು, ಅಂಚೆಯವರು ಮನೆತನದ ಹೆಸರಿನಿಂದಲೇ ಬಾಗಿಲು ಗುರುತಿಸುತ್ತಿದ್ದರು. ನವನಗರಕ್ಕೆ ಬಂದಾಗ ಸೆಕ್ಟರ್ ಸಂಖ್ಯೆ, ನಿವೇಶನ ಸಂಖ್ಯೆ, ಒಂದೇ ನಮೂನೆಯ ಅಗಲ ರಸ್ತೆಗಳು. ಓಣಿಯವರೆಲ್ಲ ಬೇರೆ ಬೇರೆ ಸೆಕ್ಟರುಗಳಿಗೆ ಚದುರಿದ್ದರು. ಪರಿಹಾರಕ್ಕೆ ಸಂಬಂಧಿಸಿದ ಒಂದು ನೋಟೀಸು ಹಳೆಯ ಓಣಿಯ ಹೆಸರಿಗೆ ಬಂದು, ಅವರು ಸಿಗದೆ ಮರಳಿ ಹೋಗಿ, ಅದನ್ನು ಹುಡುಕಿಕೊಂಡು ಕಚೇರಿಗೆ ತಿಂಗಳುಗಟ್ಟಲೆ ಅಲೆದದ್ದು ಅವರ ನೆನಪಿನಲ್ಲಿತ್ತು. ಆಮೇಲೆ ಅವರು ಮಾಡಿದ ಮೊದಲ ಕೆಲಸವೆಂದರೆ, ಮನೆಗೆ ಸುಣ್ಣ ಬಳಿಯುವುದಕ್ಕೂ ಮುನ್ನ, ಗೇಟಿನ ಕಂಬಕ್ಕೆ ಹಲಗೆ ಹೊಡೆದು ತಮ್ಮ ಹೆಸರು, ಸೆಕ್ಟರು, ನಿವೇಶನ ಸಂಖ್ಯೆಗಳನ್ನು ಬಣ್ಣದಲ್ಲಿ ಬರೆದದ್ದು.

ಮಗ ಫೋನು ಹಿಡಿದುಕೊಂಡೇ ಕೆಳಗಿಳಿದ. ಒಳಬಾಗಿಲ ಪಕ್ಕದ ಗೋಡೆಯಲ್ಲಿ ಮೂರು ಸಾಲಿಗೆ ನಾಲ್ಕರಂತೆ ಹನ್ನೆರಡು ತಗಡಿನ ಡಬ್ಬಿಗಳು, ಪ್ರತಿಯೊಂದರ ಮೇಲೆ ಕರಿ ಅಕ್ಷರದ ಬಿಳಿ ಫಲಕ. ಉಳಿದ ಹನ್ನೊಂದರ ಮೇಲೂ ಕುಟುಂಬದ ಹೆಸರು. ಕೆಲವದರ ಮೇಲೆ ಎರಡೆರಡು. ಇವರ ಡಬ್ಬಿಯ ಮೇಲೆ ಎರಡಕ್ಷರದ ಒಂದು ಹೆಸರು. ಗೆಳೆಯರು ಅವನನ್ನು ಕರೆಯುವ, ಕಾರ್ಖಾನೆಯಲ್ಲಿ ಉಚ್ಚರಿಸಲು ಸುಲಭವೆಂದು ಅವನೇ ಹೇಳಿಕೊಂಡಿದ್ದ ಮೊಟಕು ಹೆಸರು ಅದು. ಪಾಸ್‌ಪೋರ್ಟಿನಲ್ಲಿ ಅದು ಎಲ್ಲೂ ಇಲ್ಲ. ಏಪ್ರಿಲ್ ಮೊದಲ ವಾರ ಕಟ್ಟಡದ ಉಸ್ತುವಾರಿಯವರು, ಅಲ್ಲಿನ ಮಾತಿನಲ್ಲಿ ಹೌಸ್‌ಮೈಸ್ಟರ್, ಫೋನು ಮಾಡಿ ಫಲಕಕ್ಕೆ ಯಾವ ಹೆಸರು ಎಂದು ಕೇಳಿದಾಗ, ಕೆಲಸದ ಗಡಿಬಿಡಿಯಲ್ಲಿ ಅವನ ಬಾಯಿಗೆ ಬಂದದ್ದು ಅದೇ.

ಏಕೆ ಹೀಗಾಯಿತು

ಜರ್ಮನಿಯ ವಿಳಾಸಗಳಲ್ಲಿ ಸಾಮಾನ್ಯವಾಗಿ ಬೀದಿಯ ಹೆಸರು, ಕಟ್ಟಡದ ಸಂಖ್ಯೆ, ಐದು ಅಂಕಿಗಳ ಅಂಚೆ ಸಂಖ್ಯೆ, ಊರು ಇವಿಷ್ಟೇ ಇರುತ್ತವೆ. ಕಟ್ಟಡದೊಳಗಿನ ಮನೆಗೆ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಇರುವಂತೆ ಪ್ರತ್ಯೇಕ ಸಂಖ್ಯೆ ಬರೆಯುವ ಪದ್ಧತಿ ಇಲ್ಲ. ಆದ್ದರಿಂದ ಹನ್ನೆರಡು ಮನೆಗಳಲ್ಲಿ ಕಾಗದ ಯಾವುದಕ್ಕೆ ಸೇರಿದ್ದೆಂದು ನಿರ್ಧರಿಸಲು ಅಂಚೆಯವರಿಗಿರುವ ಏಕೈಕ ಆಧಾರ ಡಬ್ಬಿಯ ಮೇಲಿನ ಹೆಸರು. ಲಕೋಟೆಯ ಮೇಲಿನ ಹೆಸರು ಡಬ್ಬಿಯ ಮೇಲೆ ಇಲ್ಲದಿದ್ದರೆ ಅದನ್ನು ಕಳಿಸಿದವರಿಗೆ ಹಿಂದಿರುಗಿಸುತ್ತಾರೆ. ಬೇರೆಯವರ ಹೆಸರಿನ ಡಬ್ಬಿಯ ಮೂಲಕ ಕಾಗದ ಪಡೆಯಬೇಕಾದರೆ ಆ ಹೆಸರನ್ನೂ ವಿಳಾಸದಲ್ಲಿ ಸೇರಿಸಿ ಬರೆಯಬೇಕು. ತೆರಿಗೆ ಕಚೇರಿ, ವಿಮಾ ಸಂಸ್ಥೆ, ವಿದೇಶಿಯರ ಕಚೇರಿ ಎಲ್ಲವೂ ಪಾಸ್‌ಪೋರ್ಟಿನ ಹೆಸರಿಗೇ ಬರೆದಿದ್ದವು, ಎಲ್ಲವೂ ಮರಳಿ ಹೋಗಿದ್ದವು. ಇನ್ನೂ ಕೆಲಕಾಲ ಹೀಗೇ ಮುಂದುವರಿದಿದ್ದರೆ, ಆ ವಿಳಾಸದಲ್ಲಿ ಇವರು ವಾಸವೇ ಇಲ್ಲವೆಂದು ನೋಂದಣಿಯನ್ನು ರದ್ದು ಮಾಡುವ ಸಾಧ್ಯತೆಯೂ ಇತ್ತು.

ಹೆಸರಿನ ವಿಷಯದಲ್ಲಿ ನಮ್ಮ ಭಾಗದವರಿಗೆ ಇನ್ನೂ ಒಂದು ತೊಡಕಿದೆ. ಪಾಟೀಲ, ದೇಸಾಯಿ, ಹಿರೇಮಠ, ಬಡಿಗೇರ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಅಡ್ಡಹೆಸರುಗಳು ನಮಗುಂಟು, ಹಾಗಾಗಿ ಮೈಸೂರು ಕಡೆಯ ಕೆಲವರಿಗೆ ಅಡ್ಡಹೆಸರಿನ ಕಾಲಮೇ ಖಾಲಿ ಬಿದ್ದು ಆಗುವ ತಾಪತ್ರಯ ನಮಗೆ ಕಡಿಮೆ. ಆದರೆ ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ಹೆಂಡತಿಯ ಹೆಸರು ಎಷ್ಟೋ ಸಲ ತವರಿನದೇ ಉಳಿದಿರುತ್ತದೆ, ಮನೆಯಲ್ಲಿ, ಶಾಲೆಯಲ್ಲಿ ಅವಳನ್ನು ಗಂಡನ ಅಡ್ಡಹೆಸರಿನಿಂದ ಕರೆಯುತ್ತಾರೆ. ಈ ಕುಟುಂಬದಲ್ಲೂ ಹಾಗೆಯೇ. ಗಂಡನ ಅಡ್ಡಹೆಸರನ್ನಷ್ಟೇ ಫಲಕಕ್ಕೆ ಹಾಕಿದ್ದರೆ ಗಂಡನ ಮತ್ತು ಮಗಳ ಕಾಗದ ಬರುತ್ತಿದ್ದವು, ಹೆಂಡತಿಯದು ಬರುತ್ತಿರಲಿಲ್ಲ. ಈ ಸೂಕ್ಷ್ಮ ನನಗೂ ಹೊಳೆದದ್ದು ಅವತ್ತೇ. ಎರಡೂ ಹೆಸರು ಬರೆಯಬೇಕೆಂದು ಹೇಳಿದೆ.

ಬಗೆಹರಿದ ಕ್ರಮ

ಶನಿವಾರ ಸಂಜೆಯೇ ಹೆಂಡತಿ ದಪ್ಪ ಹಾಳೆಯ ಮೇಲೆ ಸ್ಕೇಲು ಹಿಡಿದು ಎರಡು ಸಾಲು ಬರೆದಳು. ಮೇಲೆ ಗಂಡನ ಮನೆತನದ ಹೆಸರು, ಕೆಳಗೆ ತನ್ನ ತವರಿನ ಹೆಸರು, ಎರಡೂ ಪಾಸ್‌ಪೋರ್ಟಿನಲ್ಲಿರುವ ಕಾಗುಣಿತದಲ್ಲೇ. ಡಬ್ಬಿಗೊಂದು, ಹೊರಬಾಗಿಲ ಕರೆಗಂಟೆಗೊಂದು, ಮನೆಯ ಬಾಗಿಲಿಗೊಂದು ಅಂಟಿಸಿದರು. ಕಟ್ಟಡದ ಏಕರೂಪದ ಫಲಕವನ್ನು ಉಸ್ತುವಾರಿಯವರು ಹತ್ತು ದಿನದಲ್ಲಿ ಮಾಡಿಸಿ ಹಾಕಿದರು.

ಸೋಮವಾರ ಗಂಡ ಅರ್ಧ ದಿನ ರಜೆ ಹಾಕಿ ವಿದೇಶಿಯರ ಕಚೇರಿಗೆ ಹೋಗಿ ವಿವರಿಸಿದ. ಮರಳಿ ಬಂದ ಕಾಗದ ಕಡತದಲ್ಲೇ ಇತ್ತು. ವೀಸಾ ಮುಗಿಯುವುದಕ್ಕೆ ಮೊದಲಿನ ಹೊಸ ದಿನಾಂಕ ಸಿಕ್ಕಿತು, ಅದರಂತೆ ಹಾಜರಾದರು. ಗಂಡನ ತೆರಿಗೆ ಸಂಖ್ಯೆಗೆ ಮತ್ತೆ ಕೋರಿಕೆ ಹೋಗಿ, ಆಗಸ್ಟ್ ಮಧ್ಯದಲ್ಲಿ ಕಾಗದ ಬಂತು. ಕಂಪನಿ ಜೂನ್ ಮತ್ತು ಜುಲೈನಲ್ಲಿ ಹೆಚ್ಚಾಗಿ ಹಿಡಿದ ತೆರಿಗೆಯನ್ನು ಮುಂದಿನ ಸಂಬಳದಲ್ಲಿ ಸರಿಪಡಿಸಿತು. ಮಗಳ ಸಂಖ್ಯೆ ಬಂದ ಮೇಲೆ ಸೆಪ್ಟೆಂಬರಿನಲ್ಲಿ ಕಿಂಡರ್‌ಗೆಲ್ಡ್ ಅರ್ಜಿ ಹಾಕಿದರು. ಅರ್ಜಿಗೆ ಹಿಂದಿನ ಆರು ತಿಂಗಳವರೆಗಿನ ಹಣವನ್ನು ಕೊಡುವ ನಿಯಮವಿರುವುದರಿಂದ ಜೂನ್‌ನಿಂದಲೇ ನೆರವು ಸಿಗಲು ಅಡ್ಡಿಯಾಗಲಿಲ್ಲ. ಫಲಕದ ಮೇಲೆ ಹೆಸರು ಬಂದ ಮೇಲೆ, ಇವರು ಹಣ ಕಟ್ಟಬೇಕಾದವರ ಕಾಗದಗಳೂ ಬರತೊಡಗಿದವು. ರೇಡಿಯೋ, ಟಿವಿಗೆಂದು ಪ್ರತಿ ಮನೆಯಿಂದ ವಸೂಲು ಮಾಡುವ ಪ್ರಸಾರ ಶುಲ್ಕ ಆಗ ತಿಂಗಳಿಗೆ 18.36 ಯೂರೋ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ 110.16 ಯೂರೋ ಒಟ್ಟಿಗೆ ಕಟ್ಟಿದರು.

ಮಗಳು ಜೂನ್‌ನಲ್ಲೇ ಶಾಲೆಗೆ ಸೇರಿದ್ದಳು; ಜರ್ಮನ್ ಬಾರದ ಮಕ್ಕಳಿಗೆಂದು ಆ ರಾಜ್ಯದಲ್ಲಿ ಇರುವ ಪೂರ್ವತಯಾರಿ ತರಗತಿಯಲ್ಲಿ ಅವಳಿಗೆ ಜಾಗ ಸಿಕ್ಕಿತ್ತು. ಆ ವಿಷಯದಲ್ಲಿ ಹೇಳುವಂಥ ತೊಂದರೆ ಏನೂ ಆಗಲಿಲ್ಲ. ಹೆಂಡತಿ ಬೇಸಿಗೆ ರಜೆ ಮುಗಿದ ಮೇಲೆ, 600 ಪಾಠದ ಅವಧಿ ಭಾಷೆಗೆ, 100 ಅವಧಿ ದೇಶದ ಪರಿಚಯಕ್ಕೆ ಮೀಸಲಾದ, ಹೊಸಬರು ಅಲ್ಲಿನ ಸಮಾಜಕ್ಕೆ ಹೊಂದಿಕೊಳ್ಳಲೆಂದು ನಡೆಸುವ ಇಂಟಿಗ್ರೇಷನ್ ಕೋರ್ಸಿಗೆ ಸೇರಿದಳು. ಸ್ಟುಟ್‌ಗಾರ್ಟ್ ಸೀಮೆಯಲ್ಲಿ ‘ಕೇರ್‌ವೋಖೆ’ ಎಂಬ ಪದ್ಧತಿಯಿದೆ: ಕಟ್ಟಡದ ಮೆಟ್ಟಿಲು, ಪಡಸಾಲೆಗಳನ್ನು ವಾರಕ್ಕೊಂದು ಮನೆಯವರು ಗುಡಿಸಿ ಒರೆಸಬೇಕು, ಸರದಿ ಬಂದವರ ಬಾಗಿಲಿಗೆ ಚಿಕ್ಕ ಹಲಗೆ ತೂಗುಬೀಳುತ್ತದೆ. ಇವರಿಗೆ ಮೊದಲ ನಾಲ್ಕು ತಿಂಗಳು ಆ ಹಲಗೆ ಬಂದೇ ಇರಲಿಲ್ಲ. ಫಲಕ ಬದಲಾದ ಮೇಲೆ ಆಗಸ್ಟ್‌ನಲ್ಲಿ ಕೆಳಮನೆಯ ವೃದ್ಧೆ ತಾವೇ ಅದನ್ನು ಹಿಡಿದುಕೊಂಡು ಬಂದು, ಫಲಕದಲ್ಲಿದ್ದ ಎರಡನೆಯ ಹೆಸರನ್ನು ಬಿಡಿಬಿಡಿಯಾಗಿ ಉಚ್ಚರಿಸಿ, ಅವಳ ಕೈಗೆ ಕೊಟ್ಟು ಹೋದರಂತೆ. ಅದನ್ನು ಹೇಳುವಾಗ ಅವಳ ದನಿಯಲ್ಲಿದ್ದ ಸಂತೋಷ ಪರವಾನಗಿ ಸಿಕ್ಕ ದಿನವೂ ಇರಲಿಲ್ಲ.

ನಾನು ನನ್ನ ಪಟ್ಟಿಯನ್ನು ತಿದ್ದಿದ್ದೇನೆ. ಕೀಲಿ ಪಡೆದ ದಿನವೇ ಡಬ್ಬಿ, ಕರೆಗಂಟೆ, ಬಾಗಿಲು ಮೂರರ ಫಲಕಕ್ಕೂ ಮನೆಯಲ್ಲಿರುವ ಎಲ್ಲರ ಪಾಸ್‌ಪೋರ್ಟಿನ ಹೆಸರು ಬರೆದು, ಅದರ ಫೋಟೊವನ್ನು ನನಗೆ ಕಳಿಸಬೇಕು ಎಂಬುದು ಈಗ ಅದರ ಮೊದಲ ಬಾಬತ್ತು. ಆನಂತರ ಹೋದವರೆಲ್ಲ ಕಳಿಸುತ್ತಿದ್ದಾರೆ.

ಮರಳಿ ಬಂದ ಗಂಟನ್ನು ಅಜ್ಜ ಆಗಸ್ಟ್‌ನಲ್ಲಿ ಮತ್ತೆ ಕಳಿಸಿದರು. ನಾಗರ ಪಂಚಮಿ ಹತ್ತಿರವಿದ್ದದ್ದರಿಂದ ಉಂಡಿಯನ್ನೂ ಜೊತೆಗಿಡಬೇಕೆಂದು ಅಜ್ಜಿಗೆ ಬಹಳ ಆಸೆಯಿತ್ತು. ಹಾಲಿನ ಪದಾರ್ಥಗಳನ್ನು ಹೊರಗಿನ ದೇಶದಿಂದ ಐರೋಪ್ಯ ಒಕ್ಕೂಟಕ್ಕೆ ಅಂಚೆಯಲ್ಲಿ ಕಳಿಸುವಂತಿಲ್ಲ, ತುಪ್ಪದ ಉಂಡಿಗಾಗಿ ಇಡೀ ಗಂಟು ಸುಂಕದವರ ಹತ್ತಿರ ನಿಂತೀತು ಎಂದು ನಾನೇ ಬೇಡವೆಂದೆ. ಬಟ್ಟೆ ಮಾತ್ರ ಇಟ್ಟು, ಸುಂಕದ ಚೀಟಿಯಲ್ಲಿ ಉಡುಗೊರೆ ಎಂದು ಬರೆದು, ಬೆಲೆ 45 ಯೂರೋಗಿಂತ ಕಡಿಮೆ ಇರುವುದರಿಂದ ಸುಂಕ ಬೀಳದೆಂದು ಖಚಿತ ಮಾಡಿಕೊಂಡರು. ಹಳೆಯ ಅರಿವೆಯನ್ನೇ ಬಳಸಿ, ಮೊದಲಿನ ವಿಳಾಸದ ಮೇಲೆ ಹೊಸ ತುಂಡು ಹೊಲಿದು, ಫಲಕದ ಫೋಟೊ ಮುಂದಿಟ್ಟುಕೊಂಡು ಅದರಲ್ಲಿದ್ದ ಎರಡೂ ಹೆಸರುಗಳನ್ನು ಅಕ್ಷರಕ್ಕೆ ಅಕ್ಷರ ಬರೆದರು.

ಸೆಪ್ಟೆಂಬರ್ ಮೊದಲ ವಾರ ಕೆಳಗಿನ ಗಂಟೆ ಬಾರಿಸಿತು. ಲಂಗ ಮಗಳಿಗೆ ಅಷ್ಟರಲ್ಲಿ ಎರಡು ಬೆರಳು ಗಿಡ್ಡವಾಗಿತ್ತು. ಅಜ್ಜಿ ಅಂಚನ್ನು ಒಳಗೆ ಮಡಚಿ ಬಟ್ಟೆ ಬಿಟ್ಟೇ ಹೊಲಿದಿದ್ದರು. ತಾಯಿ ಆ ರಾತ್ರಿ ಹೊಲಿಗೆ ಬಿಚ್ಚಿ, ಅಂಚು ಇಳಿಸಿ, ಕೈಯಲ್ಲೇ ಹೊಲಿದು ಬೆಳಗ್ಗೆ ಮಗಳಿಗೆ ಹಾಕಿದಳು.